ಯಾವ ಆಯ್ತು?

ನಮ್ಮ ಆಫೀಸಿನ ಅಕ್ಕ ಎರಡೇ ಬೆರಳಲ್ಲಿ ಟೈಪ್ ಮಾಡೋರು. ಒಂದೊಂದು ಸಾಲು ಮುಗಿದಾಗಲೂ ಸೊಳ್ಳೆ ಹೊಡೆದ ಹಾಗೆ ಎಂಟರ್ ಬಟನ್ನಿಗೆ ಫಟ್ ಅಂತ ಒಂದು ಏಟು. ಪಕ್ಕದ ಟೇಬಲ್ಲಿನ ಮೇಲಿದ್ದ ನನ್ನ ಟೀ ಲೋಟ ಅಲ್ಲಾಡೋದು. "ಅಕ್ಕ, ಆ ಕೀಬೋರ್ಡು ನಿಮಗೇನು ಪಾಪ ಮಾಡೈತೆ?" ಅಂತ ಕೇಳಿದರೆ, "ಅದಕ್ಕೆ ಜೀವ ಇಲ್ಲ ಕಣೇ, ಓದೋರಿಗೆ ಐತೆ. ಅವರಿಗೆ ಏಟು ಬೀಳಬಾರದು ಅಂತ ಇದಕ್ಕೆ ಹೊಡೀತೀನಿ" ಅನ್ನೋರು. ಇಂಥ ಮಾತು ಅವರ ಬಾಯಲ್ಲಿ ಬರ್ತಾನೇ ಇರೋವು. ಹೇಳಿ ಅವರು ಮರೆಯೋರು, ನಾನು ಮರೆತಿಲ್ಲ. ಅವರು ರಿಟೈರ್ ಆಗಿ ಹೋದ ಮೇಲೆ ಆಫೀಸಿನಲ್ಲಿ ಟೀ ನೆಟ್ಟಗೆ ಕುಡಿಯೋ ಹಾಗಾಗಿದೆ, ಆದರೆ ಕುಡಿಯೋದಕ್ಕೆ ಮನಸ್ಸಿಲ್ಲ. ಅದಕ್ಕೇ ಬರೀತಾ ಇದೀನಿ.

ಸಾಫ್ಟ್‌ವೇರ್ ಕಂಪನಿ ಅಂದ ಕೂಡಲೇ ಗಾಜಿನ ಕಟ್ಟಡ, ಲಿಫ್ಟು, ಕತ್ತಿನಲ್ಲಿ ನೇತಾಡೋ ಕಾರ್ಡು ಇದನ್ನೆಲ್ಲ ಕಣ್ಣಮುಂದೆ ತಂದುಕೊಂಡರೆ ನಾನು ಜವಾಬ್ದಾರಳಲ್ಲ. ನಮ್ಮದು ಸಕಲೇಶಪುರ ಪೇಟೆಯಲ್ಲಿ, ಕಳೆ ಕೊಚ್ಚೋ ಮೆಷಿನ್ ರಿಪೇರಿ ಮಾಡೋ ಅಂಗಡಿಯ ಮೇಲಿನ ಮಹಡಿ. ಹೆಡ್ ಆಫೀಸು ಬೆಂಗಳೂರಲ್ಲಿ. ನಾವು ಇಲ್ಲಿ ಕೂತು ನೋಡಿಕೊಳ್ಳೋದು ಹೊರದೇಶದ ಒಂದು ಕಾಫಿ ಗೋದಾಮಿನವರ ಕೆಲಸ. ಎಷ್ಟು ಮೂಟೆ ಬಂತು, ಎಷ್ಟು ಹೋಯ್ತು, ಯಾವ ಕಾಫಿಗೆ ಏನು ರೇಟು, ಯಾರಿಗೆ ಬಿಲ್ಲು, ಎಲ್ಲ ನಮ್ಮ ಸಾಫ್ಟ್‌ವೇರಲ್ಲೇ. ಕಾಫಿ ಬೆಳೆಯೋ ಊರಲ್ಲಿ ಕಾಫಿ ಅರ್ಥ ಆಗೋ ಜನ ಸಿಗ್ತಾರೆ ಅಂತ ಯಾರೋ ಪುಣ್ಯಾತ್ಮರು ಇಲ್ಲೊಂದು ಬ್ರಾಂಚ್ ತೆಗೆದರು. ಗೋದಾಮಿನವರ ಜೊತೆ ಮೀಟಿಂಗ್ ನಡೀತಿದ್ದರೆ ಕೆಳಗಡೆ ಅಂಗಡಿಯವರಿಗೆ ಅದೇ ಹೊತ್ತಿಗೆ ಮೆಷಿನ್ ಸ್ಟಾರ್ಟ್ ಮಾಡಿ ನೋಡಬೇಕು. ಆ ಕಡೆಯ ಮ್ಯಾನೇಜರ್ ಹೆಂಗಸು ಒಂದು ಸಲ, "ನೀವು ಬೈಕಲ್ಲಿ ಹೋಗ್ತಾ ಮಾತಾಡ್ತಿದ್ದೀರಾ?" ಅಂತ ಕೇಳಿದಳು. ಅಕ್ಕ ಮುಖ ಸ್ವಲ್ಪವೂ ಅಲ್ಲಾಡಿಸದೆ, "ಇಲ್ಲ ಮೇಡಂ, ಇದು ನಿಮ್ಮ ಕಾಫಿ ಬೆಳೆಯೋ ಶಬ್ದ" ಅಂದರು.

ನನ್ನ ಮನೆ ಆಲೂರು. ಬೆಳಿಗ್ಗೆ ಸರ್ಕಾರಿ ಬಸ್ಸು, ಸಂಜೆ ಸರ್ಕಾರಿ ಬಸ್ಸು. ಗಂಡನ ಅಂಗಡಿ, ಮಗಳ ಸ್ಕೂಲು ಎಲ್ಲ ಆಲೂರಲ್ಲೇ. ಕೆಲಸಕ್ಕೆ ಬೆಂಗಳೂರಿಗೆ ಬನ್ನಿ ಅಂದರೆ ನನಗೆ ಕೆಲಸ ಬಿಡಿ ಅಂದ ಹಾಗೇನೇ. ನಮ್ಮ ಬ್ರಾಂಚಿನ ಬಹಳಷ್ಟು ಜನರದ್ದು ಇದೇ ಕಥೆ.

ಅಕ್ಕನ ಅಪ್ಪ ಆನೇಮಹಲ್ಲಿನಲ್ಲಿ ಲಾರಿ ಟ್ರಾನ್ಸ್‌ಪೋರ್ಟ್ ಇಟ್ಟಿದ್ದರು. ಪಿಯುಸಿ ಮುಗಿಸಿದ ಮಗಳನ್ನ ಫೋನಿನ ಮುಂದೆ ಕೂರಿಸಿದರು. ಘಟ್ಟ ಇಳಿಯೋ ಲಾರಿ, ಹತ್ತೋ ಲಾರಿ, ಮೂಟೆ ಕಟ್ಟಿಟ್ಟು ಕಾಯ್ತಾ ಕೂತ, ಎಸ್ಟೇಟಿನ ಲೆಕ್ಕ ಬರೆಯೋ ರೈಟರುಗಳು, ಎಲ್ಲರನ್ನೂ ಸಂಭಾಳಿಸಿ ಸಂಭಾಳಿಸಿ ಅವರ ಗಂಟಲು ಜೋರಾಯ್ತು. "ಡ್ರೈವರಿಗೆ, ನಾಳೆ ಬೆಳಿಗ್ಗೆ ಲೋಡ್ ಎತ್ತಪ್ಪ ಅಂತೀನಿ. ಆಯ್ತಕ್ಕ ಅಂತಾನೆ. ನಾಳೆ ಫೋನ್ ಮಾಡಿ ಲೋಡ್ ಎತ್ತಿದ್ಯಾ ಅಂತೀನಿ. ಅದಕ್ಕೂ ಆಯ್ತಕ್ಕ ಅಂತಾನೆ. ಎತ್ತಿದ್ದು ಆಯ್ತೋ, ಎತ್ತಕ್ಕೆ ಒಪ್ಪಿದ್ದು ಆಯ್ತೋ? ಹೋಗಿ ನೋಡಿದ್ರೆ ಲಾರಿ ಖಾಲಿ, ಇವನು ಹೋಟ್ಲಲ್ಲಿ ದೋಸೆ ತಿಂತಾ ಇರ್ತಾನೆ. ಅದಕ್ಕೇ ಯಾವ ಆಯ್ತು ಅಂತ ಕೇಳೋದು ಕಲ್ತೆ" ಅನ್ನೋರು. ನನಗೆ ಇದು ಹೇಳಿಕೊಡಬೇಕಾಗಿರಲಿಲ್ಲ. ಹಾಲು ತನ್ನಿ ಅಂದರೆ ನನ್ನ ಗಂಡನೂ ಆಯ್ತು ಅಂತಾರೆ, ಹಾಲು ಮಾತ್ರ ಬರೋದಿಲ್ಲ.

ಆಮೇಲೆ ಕಂಪ್ಯೂಟರ್ ಕ್ಲಾಸು. ಅಣ್ಣ ಬೇಡ ಅಂದ, ಅಪ್ಪ ಹೋಗು ಅಂದರು. ಬ್ರಾಂಚ್ ತೆಗೆದಾಗ ಡೇಟಾ ಎಂಟ್ರಿಗೆ ಅಂತ ಬಂದವರು ಕೊನೆಗೆ ಅದನ್ನೇ ನಡೆಸೋರಾದರು. ವಿನಯವಂತರು ಅಂತ ಸುಳ್ಳು ಹೇಳೋದಿಲ್ಲ. ತನ್ನ ಇಂಗ್ಲಿಷಿನ ಮೇಲೆ ಅವರಿಗೆ ವಿಪರೀತ ಹೆಮ್ಮೆ. ಸ್ಪೆಲಿಂಗ್ ತಪ್ಪಾಗಿ ಕೆಳಗೆ ಕೆಂಪು ಗೆರೆ ಬಂದರೆ, "ಈ ಕಂಪ್ಯೂಟರಿಗೆ ಏನೂ ಗೊತ್ತಿಲ್ಲ" ಅಂತ ಕಂಪ್ಯೂಟರನ್ನೇ ಬೈಯೋರು. ರಂಜಾನ್ ತಿಂಗಳಲ್ಲಿ ತಾವು ಉಪವಾಸ ಇದ್ದುಕೊಂಡು ನಮಗೆ ಟೀ ತರಿಸೋರು. ನಾವು ಅವರ ಮುಂದೆ ಕುಡಿಯೋದು ಹೆಂಗೆ ಅಂತ ಮುಜುಗರ ಪಟ್ಟರೆ, "ಉಪವಾಸ ನನ್ನದು, ಮೋರೆ ಯಾಕೆ ನಿಮ್ಮದು ಬಾಡೈತೆ? ಕುಡೀರಿ" ಅಂತ ಗದರೋರು.

ಮೇಲ್ ವಿಷಯಕ್ಕೆ ಬಂದರೆ ಅವರದು ಪಾಳೇಗಾರಿಕೆ. ಆಫೀಸಿನಿಂದ ಹೊರಗೆ ಹೋಗೋ ಪ್ರತಿ ಮೇಲನ್ನೂ ಅವರು ಓದಬೇಕು. ವಿಷಯ ಅನ್ನೋ ಜಾಗದಲ್ಲಿ ಯಾರಾದರೂ ಬರೀ 'ರಿಗಾರ್ಡಿಂಗ್' ಅಂತ ಬರೆದರೆ ಮುಗೀತು. "ರಿಗಾರ್ಡಿಂಗ್ ಅಂತ ಬೋರ್ಡ್ ಹಾಕ್ಕೊಂಡು ಬಂದ ಬಸ್ಸಿಗೆ ನೀನು ಹತ್ತೀಯೇನೋ ಮಾರಾಯ? ಹಾಸನಕ್ಕೋ ಮಂಗಳೂರಿಗೋ ಹಾಕು!" ಕೋಪದಲ್ಲಿ ಬರೆದದ್ದಾದರೆ ಬರೆದವರೇ ಎದ್ದು ನಿಂತು ಗಟ್ಟಿಯಾಗಿ ಓದಬೇಕಿತ್ತು. ಓದೋದಕ್ಕೆ ನಾಚಿಕೆಯಾದ ಸಾಲನ್ನ ಅಳಿಸಬೇಕಿತ್ತು. ನಾನು ಒಂದೊಂದು ಸಲ ಮೇಲ್ ಪೂರ್ತಿ ಅಳಿಸಿದ್ದುಂಟು.

ಸಿಸಿ ಕಂಡರೆ ಅವರಿಗಾಗದು. "ಜಗಳ ಇಬ್ಬರದು, ಸಿಸಿ ಹಾಕಿದ್ರೆ ಊರದು. ಒಬ್ಬನ ತಪ್ಪು ಹೇಳೋಕೆ ಹತ್ತು ಜನರನ್ನ ಕರೆದು ನಿಲ್ಲಿಸ್ತೀಯಲ್ಲ, ಪಂಚಾಯ್ತಿ ಕಟ್ಟೇನಾ ಇದು? ಫೋನ್ ಐತಲ್ಲ, ಅವನೊಬ್ಬನಿಗೇ ಹೇಳು." ಬೆಂಗಳೂರಿನಲ್ಲಿ ಹಂಗಲ್ಲ. ಅಲ್ಲಿಂದ ಬರೋ ಮೇಲುಗಳಲ್ಲಿ ವಿಷಯ ಒಂದು ಸಾಲು, ಸಿಸಿ ಒಂದು ಮಾರುದ್ದ.

ಆನೆ ರಜೆ ತಂದವರೂ ಅವರೇ. ನಮ್ಮ ಕಡೆ ಆನೆ ದಾರಿಯಲ್ಲಿ ನಿಂತರೆ ಅದು ಹೋಗೋವರೆಗೂ ನಾವು ಹೋಗೋ ಹಾಗಿಲ್ಲ. ಒಂದು ದಿನ ಬೆಳಿಗ್ಗೆ ನಾನು ಹೆಡ್ ಆಫೀಸಿನ ಎಚ್ಆರ್‌ಗೆ, ದಾರಿಯಲ್ಲಿ ಆನೆ ಇದೆ, ತಡವಾಗುತ್ತೆ ಅಂತ ಮೇಲ್ ಹಾಕಿದೆ. ಎಚ್ಆರ್ ಹುಡುಗಿ, ಹೊರ ರಾಜ್ಯದವಳು, ನಗೋ ಮುಖದ ಚಿತ್ರ ಹಾಕಿ, 'ಹಹ್ಹ, ನಿಜವಾದ ಕಾರಣ ತಿಳಿಸಿ' ಅಂತ ಬರೆದಳು. ನನಗೆ ಪಿತ್ತ ನೆತ್ತಿಗೇರಿತು. ಆಫೀಸು ಸೇರಿ ನಾನು ಬರೆದ ಉತ್ತರವನ್ನ ಅಕ್ಕ ನನ್ನನ್ನ ಎಬ್ಬಿಸಿ ನಿಲ್ಲಿಸಿ ಓದಿಸಿದರು, ಅಳಿಸಿದರು, ಆ ಹುಡುಗಿಗೆ ತಾವೇ ಫೋನ್ ಮಾಡಿದರು. "ನೋಡಮ್ಮ, ನಿಮ್ಮಲ್ಲಿ ಟ್ರಾಫಿಕ್ ಇದ್ದ ಹಾಗೆ ನಮ್ಮಲ್ಲಿ ಆನೆ. ಹಾರ್ನ್ ಹೊಡೆದ್ರೆ ನಿಮ್ಮ ಟ್ರಾಫಿಕ್ ಸರೀತದೆ, ನಮ್ಮದು ತಿರುಗಿ ಬರ್ತದೆ." ಈಗ ರಜೆ ಕೇಳೋ ಪುಟದಲ್ಲಿ ಜ್ವರ, ಮದುವೆಗಳ ಕೆಳಗೆ ಆನೆಯೂ ಇದೆ. ಬೆಂಗಳೂರಿನವರು ಯಾರೋ ಒಬ್ಬರು ತಮಾಷೆಗೆ ಅದನ್ನೇ ಒತ್ತಿ ಸಿಕ್ಕಿಬಿದ್ದರು ಅಂತಲೂ ಕೇಳಿದೆ.

ಇನ್ನು ನಮ್ಮ ಆಫೀಸಿನ ಡನ್‌ ಕಥೆ. ಅಕ್ಕನ ರಿಟೈರ್ಮೆಂಟಿಗೆ ತಿಂಗಳೂ ಇರಲಿಲ್ಲ. ಒಂದು ಶುಕ್ರವಾರ ಗೋದಾಮಿನವರ ಮೇಲ್ ಬಂತು. ಸೋಮವಾರದಿಂದ ಕಾಫಿ ರೇಟು ಬದಲಾಗುತ್ತೆ, ಹೊಸ ರೇಟು ಹಾಕಿ ಅಂತ. ಓದಿದವನು ಚೇತನ. ದೋಣಿಗಲ್ ಕಡೆಯ ಕಾಫಿ ತೋಟದ ಮನೆಯವನು, ನಲವತ್ತು ದಾಟಿದವನು. ಕೆಲಸದಲ್ಲಿ ನಮ್ಮೆಲ್ಲರಿಗಿಂತ ಗಟ್ಟಿಗ, ಮಾತಿನಲ್ಲಿ ಮೂಕಬಸವ. ಆಯ್ತು, ಸೋಮವಾರ ಬೆಳಿಗ್ಗೆ ಬಂದ ತಕ್ಷಣ ಹಾಕೋಣ ಅಂದುಕೊಂಡ. ಆ ಆಯ್ತನ್ನ ಇಂಗ್ಲಿಷ್ ಮಾಡಿ 'ಡನ್' ಅಂತ ಒಂದೇ ಪದ ಬರೆದು ಕಳಿಸಿದ.

ಆ ಪದ ಓದಿದ ಗೋದಾಮಿನವರು ಕೆಲಸ ಮುಗಿದೇಹೋಯ್ತು ಅಂತ ನಿಶ್ಚಿಂತೆಯಾಗಿ ಮಲಗಿದರು. ಸೋಮವಾರದಿಂದ ಶುರುವಾಗೋ ವಾರದ ಬಿಲ್ಲುಗಳು ಭಾನುವಾರ ರಾತ್ರಿಯೇ ತಮ್ಮಷ್ಟಕ್ಕೆ ತಾವೇ ಹೋಗೋವು. ಹೋದವು, ಹಳೇ ರೇಟಲ್ಲಿ, ಎಲ್ಲ ಗಿರಾಕಿಗಳಿಗೂ. ಸೋಮವಾರ ಬೆಳಿಗ್ಗೆ ಮಾಡ್ತೀನಿ ಅಂತ ಇವನು ಪೂರ್ತಿ ಬರೆದಿದ್ದರೆ, ಅಯ್ಯೋ ಭಾನುವಾರವೇ ಬೇಕು ಅಂತ ಅಲ್ಲಿನ ಮ್ಯಾನೇಜರ್ ಹೆಂಗಸು ಅನ್ನೋಳು, ಕಥೆ ಅಲ್ಲಿಗೆ ಮುಗಿಯೋದು. ಈಗ ಅವಳು ಬರೆದಿದ್ದು ಬೇರೆ. 'ಮಾಡದೇ ಇರೋದನ್ನ ಮಾಡಿದ್ದೀವಿ ಅಂತ ಹೇಳಿದ್ದೀರಿ. ನಿಮ್ಮನ್ನ ಇನ್ನು ನಂಬೋದೋ ಬೇಡವೋ ಯೋಚನೆ ಮಾಡ್ತೀವಿ.'

ಹಿಂದೆಯೇ ಬೆಂಗಳೂರಿನ ದೊಡ್ಡ ಮ್ಯಾನೇಜರರ ಮೇಲ್. ಸಿಸಿಯಲ್ಲಿ ಎಚ್ಆರ್, ಡೈರೆಕ್ಟರು, ಇನ್ನೂ ಯಾರ್ಯಾರೋ. ಹೊಣೆಗಾರನ ಹೆಸರು ಸಂಜೆಯೊಳಗೆ ಬೇಕು. ಅವನನ್ನ ತೆಗೆದುಹಾಕಿದ್ದೀವಿ ಅಂತ ಗೋದಾಮಿನವರಿಗೆ ಹೇಳಿ ಬ್ರಾಂಚ್ ಉಳಿಸ್ಕೋಬಹುದು. ಹೆಸರು ಕೊಡದಿದ್ದರೆ ಸಕಲೇಶಪುರದ ಆಫೀಸು ಮುಚ್ಚಿ ಕೆಲಸವನ್ನ ಬೆಂಗಳೂರಿಗೆ ತಗೊಳ್ತೀವಿ. ಅವರಿಗೆ ಹೆಸರು ಗೊತ್ತಿರಲಿಲ್ಲ, ಯಾಕೆಂದರೆ ಗೋದಾಮಿನವರಿಗೆ ಹೋಗೋ ಮೇಲುಗಳೆಲ್ಲ ಒಂದೇ ವಿಳಾಸದಿಂದ ಹೋಗೋವು, ಕೆಳಗೆ 'ಸಪೋರ್ಟ್ ಟೀಮ್' ಅಂತಷ್ಟೇ ಇರೋದು. ತಪ್ಪಾಗಲಿ ಸರಿಯಾಗಲಿ ಎಲ್ಲರದೂ ಅಂತ ಅಕ್ಕನೇ ಮಾಡಿದ ಪದ್ಧತಿ.

ನಾನು ಚೇತನನಿಗೆ ಬಾಯಿಗೆ ಬಂದಂಗೆ ಬೈದೆ. "ಇನ್ನೊಂದು ನಾಲ್ಕು ಪದ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂದೆ. ಬೈದದ್ದಕ್ಕೆ ನನಗೆ ಬೇಜಾರಿಲ್ಲ, ಬೈಯೋ ಹಾಗೇ ಇತ್ತು. ಅವನು ನೆಲ ನೋಡ್ತಾ, "ನನ್ನ ಹೆಸರು ಕೊಟ್ಬುಡಿ ಅಕ್ಕ. ನಿಮ್ಮೆಲ್ಲರ ಕೆಲಸನಾದ್ರೂ ಉಳೀತೈತೆ" ಅಂದ. ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯ್ತು.

"ಕೂತ್ಕೊಳ್ಳೋ ಸುಮ್ನೆ" ಅಂದರು ಅಕ್ಕ. "ನಿನ್ನ ಹೆಸರು ಕೊಡೋದು ಸುಲಭ. ನನ್ನ ಹೆಸರು ಕೊಡೋದು ಇನ್ನೂ ಸುಲಭ. ಆ ಮೇಲ್ ನಾನೂ ಓದಿದ್ದೆ, ನನಗೂ ತಪ್ಪು ಕಾಣಲಿಲ್ಲ. ಹೆಂಗೂ ರಿಟೈರ್ ಆಗೋಳು. ಅಕ್ಕಂದು ಎಂಥ ದೊಡ್ಡ ಮನಸ್ಸು ಅಂತ ಹಾರ ಹಾಕಿ ಕಳಿಸ್ತೀರಿ. ಮುಂದಿನ ತಿಂಗಳು ಇನ್ನೊಬ್ಬ ಡನ್ ಅಂತ ಬರೀತಾನೆ. ಆಗ ಯಾರನ್ನ ಕಳಿಸ್ತೀರಿ?" ಅಕ್ಕ ಎಲ್ಲರ ಮುಖವನ್ನೂ ಒಂದು ಸಲ ನೋಡಿದರು. "ಕೈ ಎತ್ತಿ ನೋಡೋಣ. ಮಾಡ್ತೀನಿ ಅನ್ನೋ ಕಡೆ ಡನ್ ಅಂತ ಬರೆದಿರೋರು ಯಾರ್ಯಾರು?"

ಒಂದೊಂದಾಗಿ ಕೈ ಎದ್ದವು. ನನ್ನದು ಮೊದಲು ಎದ್ದಿತು ಅಂತ ಹೇಳೋದಿಲ್ಲ, ಎದ್ದದ್ದಂತೂ ನಿಜ. ಕೊನೆಗೆ ಅಕ್ಕನೂ ಕೈ ಎತ್ತಿದರು. "ಯಾ ಅಲ್ಲಾ! ಅಷ್ಟು ವರ್ಷ ಡ್ರೈವರುಗಳನ್ನ ಯಾವ ಆಯ್ತು, ಯಾವ ಆಯ್ತು ಅಂತ ಹಿಡಿದು ನಿಲ್ಲಿಸಿದೋಳು ನಾನು. ಅದೇ ಆಯ್ತು ಪ್ಯಾಂಟು ಶರ್ಟು ಹಾಕ್ಕೊಂಡು ಬಂದ್ರೆ ಗುರುತು ಸಿಗಲಿಲ್ಲ ನೋಡು."

ಆಮೇಲೆ ಕೂತು ಇಂಗ್ಲಿಷಲ್ಲಿ ಉತ್ತರ ಬರೆದರು. ಫಟ್, ಫಟ್. ಮೊದಲ ಸಾಲು, 'ಹೊಣೆಗಾರರ ಹೆಸರು: ಆಯ್ತು.' ಅದರ ಕೆಳಗೆ, ಕನ್ನಡದಲ್ಲಿ ಒಪ್ಪಿಕೊಂಡದ್ದಕ್ಕೂ ಮುಗಿಸಿದ್ದಕ್ಕೂ ಒಂದೇ ಮಾತು ಇದೆ, ನಮ್ಮವರು ಮೊದಲನೆಯದನ್ನ ಹೇಳಿದರು, ಗೋದಾಮಿನವರು ಎರಡನೆಯದನ್ನ ಕೇಳಿಸಿಕೊಂಡರು, ಯಾರೂ ಸುಳ್ಳು ಹೇಳಿಲ್ಲ, ಇವತ್ತಿನಿಂದ ನಮ್ಮ ಆಫೀಸಿನಲ್ಲಿ ಆ ಪದ ಯಾರೂ ಬರೆಯೋದಿಲ್ಲ, ಅಂತ ವಿವರಣೆ. ಸ್ವಲ್ಪ ಹೊತ್ತಿಗೆ, ಮೊದಲ ಸಾಲಷ್ಟೇ ಓದಿದ ಆ ಎಚ್ಆರ್ ಹುಡುಗಿಯಿಂದ ಉತ್ತರ ಬಂತು: 'ಮಿಸ್ಟರ್ ಆಯ್ತು ಅವರ ಎಂಪ್ಲಾಯಿ ನಂಬರ್ ದಯವಿಟ್ಟು ಕಳಿಸಿ.' ಅಂಥ ಸಂಕಟದಲ್ಲೂ ನಾವು ಹೊಟ್ಟೆ ಹಿಡ್ಕೊಂಡು ನಕ್ಕೆವು. ಚೇತನನೂ ನಕ್ಕ.

ದೊಡ್ಡ ಮ್ಯಾನೇಜರ್ ನಗಲಿಲ್ಲ. ಕನ್ನಡದವರೇ ಅವರು. ಇದೇನು ತಮಾಷೆ, ಡನ್ ಅಂದರೆ ಏನು ಅಂತ ಇಡೀ ಪ್ರಪಂಚಕ್ಕೆ ಗೊತ್ತು, ಸಬೂಬು ಸಾಕು, ಹೆಸರು ಕಳಿಸಿ ಅಂತ ಮತ್ತೆ ಬರೆದರು. ಅಷ್ಟರಲ್ಲಿ ನಾನು ಹಳೇ ಮೇಲುಗಳನ್ನ ಕೆದಕಿ ಒಂದು ಚಿನ್ನದಂಥದ್ದು ಹುಡುಕಿದ್ದೆ. ಕರೆಂಟು ಹೋದರೆ ಕೆಲಸ ನಿಲ್ಲುತ್ತೆ, ಹೊಸ ಯುಪಿಎಸ್ ಕೊಡಿಸಿ ಅಂತ ಅಕ್ಕ ಯಾವತ್ತೋ ಕೇಳಿದ್ದರು. ಅದಕ್ಕೆ ದೊಡ್ಡ ಮ್ಯಾನೇಜರ್ ಕೊಟ್ಟ ಉತ್ತರ: 'ಡನ್.' ಯುಪಿಎಸ್ಸಿನ ಮುಖ ನಾವು ಇನ್ನೂ ನೋಡಿರಲಿಲ್ಲ. "ಕಳಿಸಿ ಅಕ್ಕ! ಅವರು ಯಾರ್ಯಾರಿಗೆ ಸಿಸಿ ಹಾಕಿದ್ದಾರೋ ಅವರಿಗೆಲ್ಲ ಹೋಗ್ಲಿ. ಮರ್ಯಾದೆ ಮೂರಾಬಟ್ಟೆ ಆಗ್ಲಿ!" ಅಂತ ನಾನು ಕುಣಿದೆ.

"ಅವರು ಮಾಡಿದ್ದನ್ನೇ ನಾವೂ ಮಾಡೋದಾದ್ರೆ ಇಷ್ಟು ವರ್ಷ ನಿಮಗೆ ನಾನು ಹೇಳಿದ್ದೇನು, ಮಣ್ಣಾ?" ಅಂತ ಅಕ್ಕ ಫೋನ್ ತಗೊಂಡು ಹೊರಗಿನ ಬಾಲ್ಕನಿಗೆ ಹೋದರು. ನಾನು ಬಾಗಿಲ ಹಿಂದೆ ನಿಂತೆ.

"ಸಾರ್, ಪಕ್ಕದಲ್ಲಿ ಯಾರೂ ಇಲ್ಲ ತಾನೆ? ನನ್ನ ಹತ್ರನೂ ಯಾರಿಲ್ಲ." ಇದು ಸುಳ್ಳು, ಅವರಿಗೂ ಗೊತ್ತಿತ್ತು. "ಯುಪಿಎಸ್ ಕೊಡಿಸಿ ಅಂತ ಬರೆದಿದ್ದೆ. ನೀವು ಡನ್ ಅಂತ ಬರೆದಿದ್ರಿ. ... ಇಲ್ಲ ಸಾರ್, ಬಂದಿಲ್ಲ. ... ಅಯ್ಯೋ, ನೀವು ಸುಳ್ಳು ಹೇಳಿದ್ರಿ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ಆಯ್ತು ನೋಡೋಣ ಅಂತ ಹೇಳಿದ್ರಿ. ನಾನು ಈ ಕಡೆಯೋಳು, ನನಗೆ ತಿಳೀತು. ಪಾಪ, ಆ ಹೆಂಗಸಿಗೆ ಹೆಂಗೆ ತಿಳೀಬೇಕು?"

ನಾನು ಬಾಗಿಲಿಗೆ ಇನ್ನಷ್ಟು ಕಿವಿ ಹಚ್ಚಿದೆ. ಕೊನೆಗೆ ದೊಡ್ಡ ಮ್ಯಾನೇಜರ್ ಏನಂದರೋ, ಅಕ್ಕ ಮೆತ್ತಗೆ ನಕ್ಕರು. ಒಳಗೆ ಬಂದು ಹೇಳಿದರು. "ಇನ್ನು ಹೆಸರು ಕೇಳಲ್ಲ. ಗೋದಾಮಿನೋರ ಹತ್ರ ಅವರೇ ಮಾತಾಡ್ತಾರಂತೆ, ಯುಪಿಎಸ್ ವಿಷಯನೂ ಸೇರಿಸಿ. ಆದ್ರೆ ಗೋದಾಮಿನೋರು ಬೇಡ ಅಂದ್ರೆ ಆಫೀಸು ಮುಚ್ಚಲೇಬೇಕು. ಅದಕ್ಕೆ ಅವರೂ ಏನೂ ಮಾಡಕ್ಕಾಗಲ್ಲ."

ಕಾಯೋದು ಶುರುವಾಯ್ತು. ಸಂಜೆ ಮನೆಗೆ ಹೋದರೆ ಗಂಡ, "ಉತ್ತರ ಬಂತಾ?" ಅಂತ ಕೇಳೋರು, ಇಲ್ಲ ಅಂದರೆ, ನಾನು ಹೇಳದೇನೇ ಹಾಲು ತರೋದಕ್ಕೆ ಹೋಗೋರು. ಚೇತನ ಬೇರೆ ಕೆಲಸವೆಲ್ಲ ಮಾಡ್ತಿದ್ದ, ಗೋದಾಮಿನವರ ಮೇಲ್ ಬಂದರೆ ಮಾತ್ರ ಎದ್ದು ಹೊರಗೆ ಹೋಗ್ತಿದ್ದ. ಅಷ್ಟು ಬಲವಾದ ಕೆಲಸಗಾರ, ಒಂದು ಪದ ಟೈಪ್ ಮಾಡೋದಕ್ಕೆ ಹೆದರಿಬಿಟ್ಟಿದ್ದ. ಅಷ್ಟರಲ್ಲಿ ಅಕ್ಕನ ರಿಟೈರ್ಮೆಂಟ್ ದಿನವೂ ಬಂತು. ಶಾಲು ಹೊದಿಸಿದೆವು, ಕೇಕ್ ಕತ್ತರಿಸಿದೆವು, ಕೇಕ್ ಪ್ಲೇಟುಗಳಲ್ಲೇ ಉಳೀತು. ಮಾರನೇ ದಿನ ನೋಡಿದರೆ ಅಕ್ಕ ಮೊದಲಿನ ಹಾಗೇ ಬಂದು ಕೂತಿದ್ದಾರೆ. "ಏನ್ ನೋಡ್ತೀರಿ? ಸಂಬಳ ಕೇಳಲ್ಲ. ನಿಮ್ಮನ್ನ ಈ ಸ್ಥಿತೀಲಿ ಬುಟ್ಟು ಮನೇಲಿ ಕೂತ್ರೆ ನನಗೆ ಅನ್ನ ಸೇರ್ತದಾ?"

ಗೋದಾಮಿನವರ ಉತ್ತರ ಬಂದದ್ದು ಅವತ್ತು ಊಟದ ಹೊತ್ತಿಗೆ. ನಾನೇ ಎದ್ದು ನಿಂತು ಓದಿದೆ. 'ನಿಮ್ಮ ಮ್ಯಾನೇಜರ್ ಎಲ್ಲವನ್ನೂ ವಿವರಿಸಿದರು. ನಾವು ನಿಮ್ಮ ಜೊತೆಯಲ್ಲೇ ಮುಂದುವರಿಯುತ್ತೇವೆ. ಒಂದು ಷರತ್ತು. ಆ ಪದ ಬರೆದವರು ಯಾರೋ ನಮಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಆದರೆ ರೇಟಿನ ಕೆಲಸವನ್ನು ಇನ್ನು ಮುಂದೆಯೂ ಅವರೇ ಮಾಡಲಿ. ಅವರಷ್ಟು ಎಚ್ಚರದಿಂದ ಇನ್ನು ಯಾರೂ ಮಾಡಲಾರರು. ಈ ವಾರದ ರೇಟು ಇದರ ಜೊತೆಗಿದೆ.'

ನಾನು ಅಳೋದಕ್ಕೆ ಶುರು ಮಾಡಿದೆ. ನಾಚಿಕೆ ಏನು, ಎಲ್ಲರೂ ಅತ್ತರು. ಅಕ್ಕ ಮಾತ್ರ ಕುರ್ಚಿ ತಿರುಗಿಸಿ, "ಲೋ ಚೇತನ, ಮೇಲ್ ನಿನಗೆ ಬಂದೈತೆ. ಏಳು" ಅಂದರು.

ಅವನು ಬಂದು ಕೂತ. ರೇಟು ಹಾಕಿದ. ನೋಡಿದ. ಮತ್ತೆ ಮೊದಲಿಂದ ನೋಡಿದ. ಬಿಲ್ಲೊಂದನ್ನ ತೆಗೆದು ಅದರಲ್ಲಿ ಸರಿಯಾಗಿ ಬರುತ್ತಾ ಅಂತ ಪರೀಕ್ಷೆ ಮಾಡಿದ. ಆಮೇಲೆ ನಿಧಾನವಾಗಿ ಉತ್ತರ ಬರೆದು, "ಅಕ್ಕ, ಒಂದ್ಸಲ ನೋಡ್ತೀರಾ?" ಅಂದ.

"ನಾನ್ಯಾಕೆ ನೋಡ್ಲಿ? ನಾನು ರಿಟೈರ್ ಆದೋಳು" ಅಂತ ಅವರು ಕಿಟಕಿ ಕಡೆ ಮುಖ ಮಾಡಿದರು.

ನನಗೆಲ್ಲಿ ತಡೆಯುತ್ತೆ, ಬಗ್ಗಿ ನೋಡಿದೆ. 'ಹೊಸ ರೇಟು ಹಾಕಿ ಮುಗಿಸಿದ್ದೇನೆ. ಎರಡು ಸಲ ನೋಡಿದ್ದೇನೆ. ಭಾನುವಾರದ ಬಿಲ್ಲುಗಳು ಇದೇ ರೇಟಿನಲ್ಲಿ ಹೋಗುತ್ತವೆ.' ಕೆಳಗೆ ಸಪೋರ್ಟ್ ಟೀಮ್ ಅನ್ನೋದನ್ನ ಅಳಿಸಿದ್ದ. ಅಲ್ಲಿ ತನ್ನ ಹೆಸರು ಬರೆದಿದ್ದ.

"ಅಕ್ಕ, ಇವನು ಹೆಸರು ಹಾಕಿದ್ದಾನೆ!" ಅಂದೆ.

ಅಕ್ಕ ತಿರುಗಲಿಲ್ಲ. ದುಪಟ್ಟಾದ ಅಂಚಿನಿಂದ ಕಣ್ಣು ಒರೆಸಿಕೊಳ್ತಿದ್ದರು. "ಹಾಕ್ಕೊಳ್ಲಿ ಬಿಡೇ. ಅವರು ಕೇಳಿದಾಗ ನಾವು ಕೊಡಲಿಲ್ಲ. ಈಗ ಅವನೇ ಕೊಡ್ತಾವ್ನೆ."

ಚೇತನ ಮೇಲ್ ಕಳಿಸಿದ.